ಬೆಳಿಗ್ಗೆ ಬಂದು ಸಂಜೆ ಹೋಗುವವಳು

ನಮ್ಮ ಅಂಗಡಿಯಲ್ಲಿ ಕತ್ತರಿ ಅಕ್ಕನದು, ಸೂಜಿ ನನ್ನದು. ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ನಾವಿಬ್ಬರೂ ಅದನ್ನು ಮುರಿದವರಲ್ಲ. ಅಂಗಡಿ ಎಂದರೆ ಅಂಥ ಭಾರಿ ಅಂಗಡಿಯೇನಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಬೀದಿಗೆ ತೆರೆಯುವ ಬಾಗಿಲು, ಕಿಟಕಿಯ ಕೆಳಗೆ ನನ್ನ ಹೊಲಿಗೆ ಯಂತ್ರ, ನಡುವೆ ಅಕ್ಕನ ಉದ್ದನೆಯ ಮೇಜು, ಮೂಲೆಯಲ್ಲಿ ಗಿರಾಕಿಗಳು ಹಾಕಿ ನೋಡಲಿಕ್ಕೆ ಆಳೆತ್ತರದ ಕನ್ನಡಿ. ಅವಳು ನಿಂತು ಕತ್ತರಿಸಬೇಕು, ನಾನು ಕೂತು ಹೊಲಿಯಬೇಕು. ಕತ್ತರಿಸಿದ ತುಂಡುಗಳನ್ನು ಹೊಲಿಯುವ ಕ್ರಮದಲ್ಲೇ ಒಂದರ ಮೇಲೊಂದು ಜೋಡಿಸಿ ಅವಳು ನನ್ನ ಪಕ್ಕದ ಸ್ಟೂಲಿನ ಮೇಲೆ ಇಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಎತ್ತಿಕೊಂಡು ಹೊಲಿದರೂ ಕೋಟು ಕೋಟಾಗಿಯೇ ಹೊರಬರುತ್ತಿತ್ತು. ಇದು ಯಾರದು, ಅಳತೆ ಎಷ್ಟು ಎಂದು ನಾನು ಕೇಳುತ್ತಿರಲಿಲ್ಲ. ಅಳತೆಗಳೆಲ್ಲ ಅವಳ ತಲೆಯಲ್ಲೇ ಇದ್ದವು. ಒಂದು ಸಲ ಟೇಪು ಹಿಡಿದಳೆಂದರೆ ಆ ಮನುಷ್ಯನ ಭುಜ, ಎದೆ, ತೋಳು ಅವಳಿಗೆ ಕಡೆಯತನಕ ಬಾಯಿಪಾಠ.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದರು. ಆಗ ಅಕ್ಕನಿಗೆ ಮದುವೆಯ ವಯಸ್ಸು, ನನಗೆ ಮೂಗು ಒರೆಸಿಕೊಳ್ಳಲೂ ಬಾರದ ವಯಸ್ಸು. ಮೇಜು ಅಪ್ಪನದು. ಅಕ್ಕ ಅದರ ಹಿಂದೆ ಹೋಗಿ ನಿಂತವಳು ಮತ್ತೆ ಅಲ್ಲಿಂದ ಕದಲಲಿಲ್ಲ. ಬಂದ ಸಂಬಂಧಗಳಿಗೆಲ್ಲ ಮೊದಲು ತಂಗಿ ಬೆಳೆಯಲಿ ಎಂದಳು. ತಂಗಿ ಬೆಳೆಯುವ ಹೊತ್ತಿಗೆ ಸಂಬಂಧಗಳು ಬರುವುದು ನಿಂತಿತ್ತು. ಇನ್ನು ನನ್ನ ವಿಷಯ ಕೇಳಬೇಡಿ. ನನಗೆ ಕೋಪ ಮೂಗಿನ ತುದಿಯಲ್ಲಿ, ಬಾಯಿಗೆ ಬೀಗವಿಲ್ಲ. ಆ ಕೀರ್ತಿ ನನಗಿಂತ ಮುಂಚೆ ಹೋಗಿ ಗಂಡಿನ ಮನೆಯ ಬಾಗಿಲು ತಟ್ಟಿ ಬರುತ್ತಿತ್ತು. ಹೀಗೆ ಇಬ್ಬರೂ ಉಳಿದುಕೊಂಡೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸಂಸಾರ ನಮ್ಮದು. ಕಿಟಕಿ ತೆಗೆಯಬೇಕೆಂದರೆ ಜಗಳ, ಮುಚ್ಚಬೇಕೆಂದರೆ ಜಗಳ. ತಲೆ ಪೂರ್ತಿ ನರೆತರೂ ಅವಳ ಬಾಯಲ್ಲಿ ನಾನು ಪುಟ್ಟಿಯೇ. ಕೆಲಸ ಹೆಚ್ಚಾಗಿದೆ, ಒಬ್ಬ ಹೆಂಗಸನ್ನು ಇಟ್ಟುಕೊಳ್ಳಿ ಎಂದು ಯಾರಾದರೂ ಹೇಳಿದರೆ ಅಕ್ಕ ಆಳು ಮಾಡಿದ್ದು ಹಾಳು ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದಳು. ಮೂರನೆಯವರು ಆ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದೇ ಇಲ್ಲ.

ಮೊದಲು ಕೆಟ್ಟದ್ದು ತೋಳು. ಒಂದು ದಿನ ಸ್ಟೂಲಿನ ಮೇಲಿಂದ ತೋಳುಗಳನ್ನು ಎತ್ತಿಕೊಂಡರೆ ಎರಡೂ ಎಡಗೈಯವೇ. ಬಟ್ಟೆಯನ್ನು ಸರಿಯಾಗಿ ಮಡಿಸದೆ ಕತ್ತರಿಸಿದರೆ ಹೀಗಾಗುತ್ತದೆ. ಕೆಲಸಕ್ಕೆ ಹೊಸದಾಗಿ ಬಂದವರು ಮಾಡುವ ತಪ್ಪು. ನಾನು ಆ ತೋಳುಗಳನ್ನು ಅವಳ ಮುಖದ ಮುಂದೆ ಹಿಡಿದು, ಈ ಗಿರಾಕಿಗೆ ಬಲಗೈ ಬಿದ್ದುಹೋಯಿತೇ ಎಂದು ಕೇಳಿದೆ. ಅವಳು ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ತೋಳುಗಳನ್ನು ಮೇಜಿನ ಮೇಲೆ ಹರಡಿ ತುಂಬ ಹೊತ್ತು ನೋಡುತ್ತಾ ನಿಂತಳು. ನಾನು ಕಣ್ಣಿನ ದೋಷ ಎಂದುಕೊಂಡು ಹೊಸ ಕನ್ನಡಕ ಮಾಡಿಸಿಕೊಟ್ಟೆ. ಎದುರಿನ ಗುಂಡಿ, ದಾರ ಮಾರುವ ಅಂಗಡಿಯ ಯಜಮಾನರು ಅದೇ ಬಣ್ಣದ ಬಟ್ಟೆ ಎಲ್ಲಿ ಸಿಗುತ್ತದೆಂದು ಹುಡುಕಿಕೊಟ್ಟರು. ಅವಳು ಒಳಗೆ ಸ್ನಾನಕ್ಕೆ ಹೋದಾಗ ನಾನೇ ಕತ್ತರಿ ಹಿಡಿದು ಒಂದು ಬಲತೋಳು ಕತ್ತರಿಸಿದೆ. ಆಮೇಲೆ ಅದು ಅಭ್ಯಾಸವಾಯಿತು. ಅವಳು ತಪ್ಪುವುದು, ನಾನು ತೇಪೆ ಹಾಕುವುದು. ಹೊರಗಿನವರಿಗೆ ಏನೂ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ ಎಂದು ನಾನು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಒಲೆಯ ಮೇಲೆ ಹಾಲು ಇಟ್ಟು ಅವಳು ಬೀದಿಗೆ ಹೋಗಿ ನಿಂತಾಗ, ಕೇಳಿದ್ದನ್ನೇ ಐದು ಸಲ ಕೇಳಿದಾಗ, ವಯಸ್ಸಾಯಿತಲ್ಲ, ಅರಳುಮರಳು ಎಂದು ಅವಳನ್ನೇ ಗದರಿಸುತ್ತಿದ್ದೆ.

ನನ್ನ ತೇಪೆ ಬಿಚ್ಚಿಹೋದದ್ದು ಮೇಷ್ಟ್ರು ಬಂದ ದಿನ. ಅವರು ಶಾಲೆಯ ಮೇಷ್ಟ್ರು, ಕಡ್ಡಿಯಂಥ ಮನುಷ್ಯ, ಹಳೆಯ ಗಿರಾಕಿ. ಅವರ ತಂದೆಯೂ ನಮ್ಮಲ್ಲೇ ಕೋಟು ಹೊಲಿಸುತ್ತಿದ್ದರು. ಹಾಕಿ ನೋಡಲು ಬಂದವರು ಕನ್ನಡಿಯ ಮುಂದೆ ನಿಂತರೆ ಕೋಟು ಹೊಟ್ಟೆಯ ಹತ್ತಿರ ಗೋಣಿಚೀಲದಂತೆ ಜೋತುಬಿದ್ದಿತ್ತು, ತೋಳು ಮಾತ್ರ ಮಣಿಕಟ್ಟಿನ ಮೇಲೆಯೇ ನಿಂತುಬಿಟ್ಟಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕನ್ನಡಿ ನೋಡುತ್ತಲೇ ಮೆಲ್ಲಗೆ, ಇದು ನಮ್ಮ ತಂದೆಯವರ ಅಳತೆ ಎಂದರು. ಅವರ ತಂದೆ ತೀರಿಕೊಂಡು ಯಾವ ಕಾಲವಾಗಿತ್ತು. ಅಕ್ಕ ಹತ್ತಿರ ಹೋಗಿ ಅವರ ಭುಜದ ಮೇಲೆ ಬಟ್ಟೆಯನ್ನು ನೀವಿ ಸರಿಮಾಡಿ, ಮಂಡಿನೋವು ಹೇಗಿದೆ ಎಂದು ವಿಚಾರಿಸಿದಳು. ಮಂಡಿನೋವಿದ್ದದ್ದು ಆ ತಂದೆಗೆ. ಮೇಷ್ಟ್ರು, ಈಗ ಪರವಾಗಿಲ್ಲಮ್ಮ, ನಡೆದಾಡುತ್ತೇನೆ ಎಂದರು. ಅಕ್ಕನಿಗೆ ಸಮಾಧಾನವಾಯಿತು. ಹೊರಗೆ ಬೀಳ್ಕೊಡಲು ಹೋದ ನನಗೆ ಅವರು ಒಬ್ಬ ಡಾಕ್ಟರರ ವಿಳಾಸ ಹೇಳಿದರು. ನಾನು ನಮ್ಮಕ್ಕನಿಗೇನು ಹುಚ್ಚೇ ಎಂದು ಅವರ ಮೇಲೇ ಹರಿಹಾಯ್ದೆ. ಅವರು ಬೇಸರಪಟ್ಟುಕೊಳ್ಳದೆ ಅದೇ ಕೋಟನ್ನು ತೊಟ್ಟುಕೊಂಡೇ ಹೋದರು.

ಡಾಕ್ಟರ್ ಒಬ್ಬ ಹೆಂಗಸು, ನಮಗಿಂತ ತುಂಬ ಚಿಕ್ಕವರು. ಅಕ್ಕನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಕೈ ಊರಿ ಗೆರೆ ಎಳೆದರೆ ಅಳತೆಪಟ್ಟಿಗೆ ನಾಚಿಕೆಯಾಗಬೇಕು, ಅಂಥ ನನ್ನ ಅಕ್ಕ ಒಂದು ದುಂಡು ಬರೆದು ಅಂಕಿಗಳನ್ನೆಲ್ಲ ಒಂದೇ ಮಗ್ಗುಲಿಗೆ ಗುಡ್ಡೆ ಹಾಕಿದಳು. ಮೂರು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಅಕ್ಕ ಡಾಕ್ಟರರ ಬಿಳಿ ಕೋಟನ್ನೇ ನೋಡುತ್ತಾ, ನಿಮ್ಮ ಎಡಭುಜ ಒಂದು ಚೂರು ತಗ್ಗು, ಹೊಲಿದವನು ನೋಡಿಲ್ಲ ಎಂದಳು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು ಎಲ್ಲ ಆಯಿತು. ಕಾಯಿಲೆಯ ಹೆಸರು ಅಲ್ಜೈಮರ್ ಎಂದು ತಿಳಿದಾಗ ಅಕ್ಕ, ಹೆಸರು ಕೇಳಿದರೆ ಒಳ್ಳೆ ಕೋಟಿನ ಬಟ್ಟೆಯಿದ್ದ ಹಾಗಿದೆ ಎಂದು ನಕ್ಕಳು. ನಾನೂ ನಕ್ಕೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನಾನು ಅವಳ ಕೈ ಬಿಡಲಿಲ್ಲ.

ಅದಾದ ಮೇಲೆ ಡಾಕ್ಟರರನ್ನು ನಾನೊಬ್ಬಳೇ ಹೋಗಿ ಕಂಡೆ. ಇದು ಮುಪ್ಪಿನ ಮರೆವಲ್ಲ, ಮಿದುಳಿನ ಜೀವಕೋಶಗಳು ಮೆಲ್ಲಮೆಲ್ಲಗೆ ಸಾಯುವ ಕಾಯಿಲೆ ಎಂದು ಅವರು ಬಿಡಿಸಿ ಹೇಳಿದರು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ತಡವಾಗಿ ಹೋಗುತ್ತದೆ. ಅದಕ್ಕೇ ಮಗನ ಅಳತೆ ಹೋಗಿ ತಂದೆಯ ಅಳತೆ ಉಳಿದದ್ದು. ಪೂರ್ತಿ ವಾಸಿ ಮಾಡುವ ಔಷಧಿಯಿಲ್ಲ. ಕೊಟ್ಟ ಮಾತ್ರೆ ಸ್ವಲ್ಪ ಕಾಲ ಆಸರೆಯಾಗಬಹುದು, ಅಷ್ಟೇ. ನೆನಪಿದೆಯಾ ನೆನಪಿದೆಯಾ ಎಂದು ಪರೀಕ್ಷೆ ಮಾಡಬೇಡಿ, ವಾದ ಮಾಡಬೇಡಿ, ಅವರು ಹಟಕ್ಕೆ ಹೀಗೆ ಮಾಡುತ್ತಿಲ್ಲ ಎಂದರು. ನಡೆದದ್ದು ಮರೆತರೂ ನಡೆದಾಗ ಆದ ನೋವು, ಹೆದರಿಕೆ ಒಳಗೆ ಉಳಿಯುತ್ತದಂತೆ. ಸಂಜೆಯಾಗುತ್ತಾ ಬಂದರೆ ಕಳವಳ ಹೆಚ್ಚುತ್ತದಂತೆ. ನಾನು ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಗೆ ಒಂದೇ ಒಂದು ಕೇಳಿದೆ: ನನ್ನನ್ನೂ ಮರೆಯುತ್ತಾಳಾ? ಅವರು, ನಿಮಗೆ ಸಹಾಯಕ್ಕೆ ಯಾರಿದ್ದಾರೆ ಎಂದು ಕೇಳಿದರು. ಅಕ್ಕ ಇದ್ದಾಳೆ ಎಂದುಬಿಟ್ಟೆ.

ಉಳಿದದ್ದೆಲ್ಲ ಹೋಗಲಿ ಎಂದು ನಾನು ಆವತ್ತೇ ಮನಸ್ಸು ಗಟ್ಟಿಮಾಡಿಕೊಂಡೆ. ಅಳತೆ ಹೋಗಲಿ, ಅಂಗಡಿ ಹೋಗಲಿ, ಒಲೆ ಹಚ್ಚುವುದು ಮರೆತುಹೋಗಲಿ. ಪುಟ್ಟಿ ಎಂದು ಕರೆಯುವುದೊಂದು ಉಳಿದರೆ ಸಾಕು. ಲೋಕದಲ್ಲಿ ಹಾಗೆ ಕರೆಯುವವರು ಅವಳನ್ನು ಬಿಟ್ಟು ಬೇರೆ ಯಾರೂ ಇಲ್ಲ. ಅವಳು ಮರೆತರೆ ನಾನು ಬರೀ ಒಬ್ಬ ಮುದುಕಿ.

ಹೊಸ ಬಟ್ಟೆ ಹಿಡಿಯುವುದನ್ನು ನಿಲ್ಲಿಸಿದೆ. ಅಂಚು ಮಡಿಸುವುದು, ಹರಿದ ಜೇಬು ಹೊಲಿಯುವುದು, ಸೊಂಟ ಬಿಗಿ ಮಾಡುವುದು, ಇಂಥ ಚಿಲ್ಲರೆ ಕೆಲಸ ಮಾತ್ರ ಉಳಿಸಿಕೊಂಡೆ. ದೊಡ್ಡ ಕತ್ತರಿಯನ್ನು ತೆಗೆದಿಟ್ಟು ತುದಿ ಮೊಂಡಾಗಿದ್ದ ಚಿಕ್ಕದನ್ನು ಕೊಟ್ಟೆ. ಹಳೆಯ ಹೊದಿಕೆ, ಪರದೆಗಳನ್ನು ಅವಳ ಮುಂದೆ ಹರಡಿದರೆ ಅವಳು ಸೀಮೆಸುಣ್ಣದಿಂದ ಗೆರೆ ಎಳೆದು ಇಡೀ ಬೆಳಿಗ್ಗೆ ಕತ್ತರಿಸುತ್ತಿದ್ದಳು. ಯಾವ ಮೈಗೂ ಆಗದ ತುಂಡುಗಳು. ಅವುಗಳನ್ನೂ ಹಳೆಯ ಶಿಸ್ತಿನಲ್ಲೇ ಜೋಡಿಸಿ ನನ್ನ ಸ್ಟೂಲಿನ ಮೇಲೆ ಇಡುತ್ತಿದ್ದಳು. ನಾನು ಅವನ್ನು ಒಂದಕ್ಕೊಂದು ಹೊಲಿದು ಪಕ್ಕಕ್ಕಿಡುತ್ತಿದ್ದೆ. ಜಗಳವೂ ನಿಂತಿತು. ನಾನು ಬೇಕೆಂದೇ ಕಿಟಕಿ ಮುಚ್ಚಿದರೂ ಅವಳು ತೆಗೆ ಎನ್ನುತ್ತಿರಲಿಲ್ಲ. ಕಿಟಕಿ ಇಷ್ಟ ಬಂದ ಹಾಗೆ ಇಟ್ಟುಕೊಳ್ಳುವ ಸ್ವಾತಂತ್ರ್ಯ ಇಷ್ಟು ವರ್ಷದ ಮೇಲೆ ಸಿಕ್ಕಿತ್ತು, ಸಿಕ್ಕಿ ಏನು ಬಂತು?

ಸಂಜೆಗಳು ಶುರುವಾದದ್ದು ಆಗಲೇ. ಬೀದಿದೀಪ ಹೊತ್ತಿಕೊಳ್ಳುವ ಹೊತ್ತಿಗೆ ಅಕ್ಕ ಕತ್ತರಿ ಕೆಳಗಿಟ್ಟು, ಸೆರಗಿನ ಸೀಮೆಸುಣ್ಣದ ಪುಡಿ ಕೊಡವಿ ಬಾಗಿಲ ಕಡೆ ಹೊರಡುತ್ತಿದ್ದಳು. ಮನೆಗೆ ಹೋಗಬೇಕು, ಪುಟ್ಟಿ ಒಬ್ಬಳೇ ಇದ್ದಾಳೆ, ಹಸಿದಿರುತ್ತಾಳೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಇದೇ ಮನೆ, ನಾನೇ ಪುಟ್ಟಿ ಎಂದು ನಾನು ಹೇಳುತ್ತಿದ್ದೆ. ಮೊದಲ ದಿನ ಮೆತ್ತಗೆ ಹೇಳಿದೆ. ಆಮೇಲೆ ಗಟ್ಟಿಯಾಗಿ ಹೇಳಿದೆ. ಒಂದು ಸಂಜೆ ತಡೆಯಲಾರದೆ ಅವಳ ಕೈ ಹಿಡಿದೆಳೆದು ಕನ್ನಡಿಯ ಮುಂದೆ ನಿಲ್ಲಿಸಿದೆ. ನೋಡು, ನಿನ್ನ ಮೂಗೂ ನನ್ನ ಮೂಗೂ ಒಂದೇ ಅಚ್ಚು. ನೋಡು, ಸೂಜಿ ಹೊಕ್ಕಾಗ ನೀನೇ ಬಟ್ಟೆ ಸುತ್ತಿದ ಬೆರಳು ಇದು, ಕಲೆ ಇನ್ನೂ ಇದೆ ಎಂದು ಕೂಗಿದೆ. ಕನ್ನಡಿಯಲ್ಲಿ ಅವಳು ಕಂಡದ್ದು ಇಬ್ಬರು ಗುರುತಿಲ್ಲದ ಮುದುಕಿಯರನ್ನು. ಹೆದರಿ ಕೈ ಬಿಡಿಸಿಕೊಂಡಳು.

"ನನ್ನ ತಂಗಿ ಚಿಕ್ಕ ಹುಡುಗಿ," ಎಂದಳು. "ನೀವು ಇಷ್ಟು ದೊಡ್ಡವರು, ಹೀಗೆಲ್ಲ ಸುಳ್ಳು ಹೇಳ್ಬಾರದು."

ನಾನು ಅಡುಗೆಮನೆಗೆ ಹೋಗಿ ಅತ್ತೆ. ಮುಖ ತೊಳೆದು ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು, ಅವಳಿರಲಿಲ್ಲ. ಬೀದಿಯ ಎರಡೂ ದಿಕ್ಕಿಗೆ ಹುಚ್ಚಿಯಂತೆ ಓಡಿದೆ. ಕಡೆಗೆ ಗುಂಡಿ ಅಂಗಡಿಯವರು ಅವಳನ್ನು ತೋಳು ಹಿಡಿದು ಕರೆತಂದರು; ವಾಹನಗಳು ನುಗ್ಗುವ ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತು, ಹೋಗುವವರನ್ನೆಲ್ಲ ನನ್ನ ತಂಗಿಯನ್ನು ಕಂಡಿರಾ ಎಂದು ಕೇಳುತ್ತಿದ್ದಳಂತೆ. ಅಂಗಾಲಿಗೆ ಗಾಜು ಚುಚ್ಚಿತ್ತು. ಅದನ್ನು ತೆಗೆಯುವಾಗ ಅವಳು ನೋವೆನ್ನಲಿಲ್ಲ. ನಾನು ಬಗ್ಗಿದಾಗಲೆಲ್ಲ ಹೊಡೆಯುತ್ತೇನೋ ಎನ್ನುವಂತೆ ಕಾಲು ಹಿಂದಕ್ಕೆಳೆದುಕೊಂಡಳು. ಯಾಕೆ ಹೆದರಿದ್ದೆಂದು ಅವಳಿಗೆ ಮರೆತಿತ್ತು, ಹೆದರಿಕೆ ಮಾತ್ರ ಹಾಗೇ ಇತ್ತು. ಡಾಕ್ಟರ್ ಹೇಳಿದ್ದು ಆಗ ನನ್ನ ತಲೆಗೆ ಹತ್ತಿತು.

ಮರುದಿನ ಕನ್ನಡಿಗೆ ಒಂದು ಹೊದಿಕೆ ಹೊಲಿದು ಮುಚ್ಚಿದೆ. ಅವಳ ಬಟ್ಟೆಗಳ ಕತ್ತಿನ ಒಳಗೆಲ್ಲ ನಮ್ಮ ಫೋನ್ ನಂಬರು ಬರೆದ ಪಟ್ಟಿ ಹೊಲಿದೆ. ನಾನೇ ಪುಟ್ಟಿ ಎನ್ನುವುದನ್ನು ಬಿಟ್ಟುಬಿಟ್ಟೆ. ಸಂಜೆ ಅವಳು ಹೊರಟಾಗ, ಸರಿ, ನಡೀರಿ, ನಾನೂ ಆ ಕಡೆಗೇ ಹೋಗುವವಳು ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಇಬ್ಬರೂ ಬೀದಿಯ ತುದಿಯವರೆಗೆ ಹೋಗಿ, ಹಿಂದಿನ ಓಣಿ ಸುತ್ತಿ, ಮತ್ತೆ ಇದೇ ಬಾಗಿಲಿಗೆ ಬರುತ್ತಿದ್ದೆವು. ಅಷ್ಟರಲ್ಲಿ ಎಲ್ಲಿಗೆ ಹೊರಟಿದ್ದೆಂಬುದು ಅವಳಿಗೆ ಹಾರಿಹೋಗಿರುತ್ತಿತ್ತು. ಕೆಲವು ದಿನ ಮರೆಯುತ್ತಿರಲಿಲ್ಲ, ಆಗ ಇನ್ನೊಂದು ಸುತ್ತು.

ನಾನು ಯಾರು ಎನ್ನುವುದನ್ನು ಅವಳೇ ಗೊತ್ತುಮಾಡಿಕೊಂಡಳು. ನಾನು ಹೊಲಿಗೆಗೆಂದು ಬೆಳಿಗ್ಗೆ ಬಂದು ಸಂಜೆ ಹೋಗುವ ಹೆಂಗಸು. ಆಳು ಮಾಡಿದ್ದು ಹಾಳು ಎನ್ನುತ್ತಿದ್ದವಳ ಅಂಗಡಿಗೆ ಕೊನೆಗೂ ಆಳು ಬಂದಿತ್ತು. ಬೆಳಿಗ್ಗೆ ನಾನು ಒಳಗಿನಿಂದ ಬಂದು ಯಂತ್ರದ ಮುಂದೆ ಕೂತರೆ, ಬನ್ನಿ, ಬೇಗ ಬಂದಿರಲ್ಲ ಎಂದು ಸ್ವಾಗತಿಸುತ್ತಿದ್ದಳು. ಮರ್ಯಾದೆಯೋ ಮರ್ಯಾದೆ! ಟೀ ಕೊಟ್ಟರೆ ನಿಮಗೆ ಯಾಕೆ ತೊಂದರೆ ಎನ್ನುತ್ತಿದ್ದಳು. ಹುಟ್ಟಿದಾಗಿನಿಂದ ನನ್ನ ಮೇಲೆ ಎಗರಾಡಿದ ಬಾಯಿ ಅದು. ಪ್ರತಿ ಸಲ ಆ ಉಪಚಾರದ ಮಾತು ಕೇಳಿದಾಗ ನನಗೆ ಕೆನ್ನೆಗೆ ಹೊಡೆಸಿಕೊಂಡಂತಾಗುತ್ತಿತ್ತು.

ಒಂದು ದಿನ ನಾನು ಹೊಲಿದ ಕಾಲರನ್ನು ಬೆಳಕಿಗೆ ಹಿಡಿದು, ನಿಮ್ಮ ಕೈ ಬಹಳ ಚೊಕ್ಕ ಎಂದಳು. ಅಷ್ಟು ವರ್ಷ ಜೊತೆಗೆ ಹೊಲಿದು ಅವಳ ಬಾಯಿಂದ ನಾನು ಒಂದು ಭೇಷ್ ಕೇಳಿದವಳಲ್ಲ. ಈಗ ಬಂದ ಹೊಗಳಿಕೆ ಯಾರಿಗೋ ಸೇರಿದ್ದು. ನಮ್ಮ ಪುಟ್ಟಿಗೂ ಕಲಿಸಬೇಕು, ಆದರೆ ಅವಳು ಒಂದು ಕಡೆ ಕೂರುವವಳಲ್ಲ ಎಂದು ಅವಳೇ ಮುಂದುವರಿಸಿದಳು. ಹೀಗೆ ದಿನವೂ ಪುಟ್ಟಿಯ ಪುರಾಣ. ಪುಟ್ಟಿ ಮಳೆಗೆ ಹೆದರುವುದಿಲ್ಲ, ಗುಡುಗಿಗೆ ಹೆದರುತ್ತಾಳೆ. ಪುಟ್ಟಿಗೆ ಹೊಸ ಫ್ರಾಕು ಹೊಲಿದರೆ ಮೊದಲು ಜೇಬು ಎಲ್ಲಿ ಎಂದು ಕೇಳುತ್ತಾಳೆ. ಪುಟ್ಟಿಯ ಹಾಗೆ ನಗುವವರು ಈ ಬೀದಿಯಲ್ಲೇ ಇಲ್ಲ. ಹೇಳುವಾಗ ಅವಳ ಮುಖ ದೀಪದಂತೆ ಬೆಳಗುತ್ತಿತ್ತು. ಎದುರಿಗೇ ಕೂತ ನನ್ನ ಮೇಲೆ ಆ ಬೆಳಕಿನ ಒಂದು ಎಳೆಯೂ ಬೀಳುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು, ಅದೂ ನನ್ನ ಮೇಲೇ. ಹೇಳಿಕೊಂಡು ನಗೋಣವೆಂದರೆ ಇಂಥದ್ದಕ್ಕೆ ನನ್ನ ಜೊತೆ ನಗುತ್ತಿದ್ದವಳು ಅವಳೊಬ್ಬಳೇ.

ಆದರೂ ಆಸೆ ಸಾಯಲಿಲ್ಲ. ರಾತ್ರಿ ಅವಳ ಹಾಸಿಗೆಯ ಪಕ್ಕದಲ್ಲೇ ಮಲಗುತ್ತಿದ್ದೆ, ಬೆಳಿಗ್ಗೆ ಎದ್ದು ಅವಳ ಕಣ್ಣು ನೋಡುತ್ತಿದ್ದೆ. ಇವತ್ತು ಕರೆದಾಳು. ಇವತ್ತಲ್ಲದಿದ್ದರೆ ನಾಳೆ. ಗುಂಡಿ ಅಂಗಡಿಯವರು ಒಳ್ಳೆಯ ಮನಸ್ಸಿನಿಂದ, ಇಂಥವರನ್ನು ನೋಡಿಕೊಳ್ಳುವ ಕಡೆ ಬಿಡಬಹುದಲ್ಲ, ಹೇಗೂ ಅವರಿಗೆ ನಿಮ್ಮ ಗುರುತಿಲ್ಲವಲ್ಲ ಎಂದರು. ಅವರಿಗೆ ಗುರುತಿಲ್ಲದಿದ್ದರೇನು, ನನಗಿದೆಯಲ್ಲ ಎಂದು ಬಾಯಿ ಮುಚ್ಚಿಸಿದೆ. ಮಾತೇನೋ ಜೋರಾಗಿ ಬಂತು. ಒಳಗೆ ಬಂದ ಮೇಲೆ ಒಂದೇ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಹೊಲಿದೆ.

ಒಂದು ಸಂಜೆ ಅವಳು ಬಾಗಿಲ ಕಡೆ ಹೊರಡಲಿಲ್ಲ. ನಾನು ಚಪ್ಪಲಿ ಹುಡುಕುತ್ತಿದ್ದೆ, ಅವಳು ಮೇಜಿನ ಹತ್ತಿರವೇ ನಿಂತಿದ್ದಳು. ಕಣ್ಣು ಎಷ್ಟೋ ತಿಂಗಳಿಂದ ಕಾಣದಷ್ಟು ತಿಳಿಯಾಗಿತ್ತು. ಬೀದಿಬಾಗಿಲನ್ನು ಅರ್ಧ ಮುಚ್ಚಿ ಬಂದು ನನ್ನನ್ನು ಹತ್ತಿರ ಕರೆದಳು.

"ನಿಮ್ಮ ಹತ್ರ ಒಂದು ಮಾತಿತ್ತು," ಎಂದಳು. "ನನ್ನ ತಲೆ ಸರಿಯಿಲ್ಲ. ನನಗೇ ಗೊತ್ತಾಗ್ತಿದೆ. ಬಟ್ಟೆ ಹಿಡ್ಕೊಂಡ್ರೆ ಯಾಕೆ ಹಿಡ್ಕೊಂಡೆ ಅನ್ನೋದು ಮರೆತುಹೋಗುತ್ತೆ. ಒಂದೊಂದ್ಸಲ ಈ ಕೋಣೆನೇ ಯಾರದೋ ಅನ್ಸುತ್ತೆ."

ಅವಳಿಗೆ ಏನೂ ಗೊತ್ತಾಗುವುದಿಲ್ಲ, ಅದೊಂದು ಪುಣ್ಯ ಎಂದುಕೊಂಡಿದ್ದವಳು ನಾನು. ಇಷ್ಟೂ ದಿನ ಅವಳು ಒಳಗೊಳಗೇ ಒಬ್ಬಳೇ ಇದನ್ನು ನೋಡುತ್ತಾ ಕೂತಿದ್ದಳು.

"ಪುಟ್ಟಿಗೆ ಹೇಳ್ಬೇಡಿ," ಎಂದಳು. "ಕೂಗಾಡ್ತಾಳೆ. ಅದು ಕೋಪ ಅಲ್ಲ, ಹೆದರಿಕೆ. ಹೆದರಿದಾಗೆಲ್ಲ ಅವಳು ಕೂಗಾಡೋದು, ಚಿಕ್ಕಂದಿನಿಂದ ಹಾಗೇ. ಜನಕ್ಕೆ ಗೊತ್ತಾಗಲ್ಲ."

ಇಷ್ಟು ವಯಸ್ಸಾಗಿ ನನ್ನ ಬಗ್ಗೆ ನನಗೇ ಗೊತ್ತಿರದಿದ್ದ ಸಂಗತಿ ಅದು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಇದೇ ಹೊತ್ತು, ಈಗ ಹೇಳಿಬಿಡಬೇಕು ಎನಿಸಿತು. ಕಣ್ಣು ತಿಳಿಯಾಗಿದೆ, ಬುದ್ಧಿ ತಿಳಿಯಾಗಿದೆ. ಅಕ್ಕಾ, ನಾನೇ ಎಂದರೆ ಈಗ ನಂಬಿಯಾಳು. ಇಂಥ ಗಳಿಗೆ ಮತ್ತೆ ಬರುತ್ತದೆಂದು ಯಾರು ಬಲ್ಲರು? ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ನನ್ನ ಎರಡೂ ಕೈ ಹಿಡಿದಳು.

"ನಾನು ಪೂರ್ತಿ ಮರೆತ ಮೇಲೆ ಅವಳಿಗೆ ಯಾರೂ ಇರಲ್ಲ. ನೀವು ಕೆಲಸ ಬಿಟ್ಟು ಹೋಗ್ಬೇಡಿ. ಅವಳು ಬೈದ್ರೂ ಹೋಗ್ಬೇಡಿ. ಒಬ್ಬಳೇ ಇದ್ರೆ ಅವಳು ಊಟ ಮಾಡಲ್ಲ. ನೋಡ್ಕೋತೀರಾ?"

ನಾನೇ ಎಂದರೆ ಅವಳ ಪುಟ್ಟಿಗೆ ಗುಟ್ಟು ತಿಳಿದುಹೋಯಿತೆಂದು ಅರ್ಥ. ಅವಳು ಮುಚ್ಚಿಟ್ಟುಕೊಂಡದ್ದೆಲ್ಲ ನೀರುಪಾಲು. ಅಲ್ಲದೆ ಆ ಮಗುವಿಗೆ ಒಬ್ಬರು ದಿಕ್ಕಾದರು ಎನ್ನುವ ನೆಮ್ಮದಿಯನ್ನು ಕೊಡಬಲ್ಲವಳು ಈ ಕೆಲಸದ ಹೆಂಗಸು ಮಾತ್ರ, ತಂಗಿಯಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

"ನೋಡ್ಕೋತೀನಿ," ಎಂದೆ. "ನೀವು ಯೋಚನೆ ಮಾಡ್ಬೇಡಿ. ಅವಳನ್ನ ಒಬ್ಬಳೇ ಬಿಡಲ್ಲ."

ಅವಳ ಮೈಯಿಂದ ಏನೋ ಭಾರ ಇಳಿದದ್ದು ಕಣ್ಣಿಗೇ ಕಂಡಿತು. ಭುಜ ಸಡಿಲವಾಯಿತು. ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ನಿಮಗೆ ಮನೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿದಳು. ಅಕ್ಕ ಇದ್ದಾಳೆ ಎಂದೆ. ಒಳ್ಳೆಯವಳಾ ಎಂದು ಕೇಳಿದಳು. ತಲೆಯಾಡಿಸಿದೆ.

"ಮತ್ತೆ ಇಲ್ಲೇನು ಮಾಡ್ತಿದೀರಿ?" ಎಂದು ಅವಳು ಗಡಿಬಿಡಿಯಿಂದ ಎದ್ದಳು. "ಕತ್ತಲಾಗ್ತಾ ಬಂತು. ಹೊರಡಿ ಹೊರಡಿ, ಪಾಪ, ಕಾಯ್ತಿರ್ತಾಳೆ."

ಗೂಟದಲ್ಲಿದ್ದ ಚೀಲ ತಂದು ನನ್ನ ಕೈಗಿಟ್ಟಳು, ಬಾಗಿಲು ತೆರೆದು ಹಿಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ನಿಧಾನಕ್ಕೆ ಹೋಗಿ ಎಂದಳು. ಹಿಂದೆ ಚಿಲಕ ಬಿದ್ದ ಸದ್ದಾಯಿತು. ಹಿಂದಿನ ಓಣಿಯಿಂದ ಹೋಗಿ ಅಡುಗೆಮನೆಯ ಬಾಗಿಲಿನಿಂದ ಒಳಗೆ ಸೇರಬಹುದು, ಅದರ ಕೀಲಿ ನನ್ನ ಹತ್ತಿರವೇ ಇತ್ತು. ಆದರೆ ತಕ್ಷಣ ಹೋಗಲು ಕಾಲು ಬರಲಿಲ್ಲ. ಬೀದಿದೀಪಗಳು ಹೊತ್ತಿಕೊಂಡಿದ್ದವು. ಗುಂಡಿ ಅಂಗಡಿಯವರು ಬಾಗಿಲೆಳೆದುಕೊಂಡು ಹೋಗಿದ್ದರು. ನನ್ನ ಮನೆಯ ಮುಂದೆಯೇ ನಾನು ಚೀಲ ಹಿಡಿದುಕೊಂಡು ಗೊತ್ತಿಲ್ಲದವಳಂತೆ ನಿಂತಿದ್ದೆ.

ಆಗ ಒಳಗಿನಿಂದ ಅವಳು ಕರೆದಳು.

"ಪುಟ್ಟೀ..."

ಒಳಕೋಣೆಯ ಕಡೆ ತಿರುಗಿ ಕರೆದದ್ದಿರಬೇಕು, ದೂರದಿಂದ ಕೇಳಿಸಿತು. ಆಮೇಲೆ ಇನ್ನೊಂದು ಸಲ, ಹತ್ತಿರದಿಂದ. ನಾನು ಯೋಚನೆ ಮಾಡಲಿಲ್ಲ. ಬಂದೆ ಅಕ್ಕಾ ಎಂದು ಬಾಯಿ ತಾನಾಗಿಯೇ ಕೂಗಿತು.

ಒಳಗೆ ಹೆಜ್ಜೆಯ ಸಪ್ಪಳ ಬಾಗಿಲ ಹತ್ತಿರಕ್ಕೆ ಬಂತು. ಆಮೇಲೆ ಬಾಗಿಲ ಆ ಕಡೆಯಿಂದಲೇ, ಹಲಗೆಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ, ನನ್ನ ಹಳೆಯ ಅಕ್ಕ ಬೈದಳು.

"ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ಹೊತ್ತು?"

"ಇಲ್ಲೇ ಇದ್ದೆ."

"ಇಲ್ಲೇ ಅಂದ್ರೆ ಎಲ್ಲಿ? ಕೂಗಿ ಕೂಗಿ ಗಂಟಲು ಹರೀತು. ಕೈಕಾಲು ತೊಳ್ಕೊಂಡು ಒಳಗೆ ಬಾ."

ಚಿಲಕದ ಮೇಲೆ ಅವಳ ಕೈ ಬಿದ್ದದ್ದು ಕೇಳಿಸಿತು. ಬಾಗಿಲು ತೆರೆದರೆ ಅವಳಿಗೆ ಏನು ಕಾಣುತ್ತದೆಂದು ನನಗೆ ಗೊತ್ತು. ಈಗ ತಾನೇ ಕಳಿಸಿಕೊಟ್ಟ ಹೆಂಗಸು ಕಾಣುತ್ತಾಳೆ, ನರೆತ ತಲೆ, ಕೈಯಲ್ಲಿ ಚೀಲ. ನಾನು ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಬಾಗಿಲನ್ನು ನನ್ನ ಕಡೆಗೆ ಬಿಗಿಯಾಗಿ ಎಳೆದುಕೊಂಡೆ.

"ತೆಗೀಬೇಡ ಅಕ್ಕ," ಎಂದೆ. "ಇನ್ನೂ ಸ್ವಲ್ಪ ಹೊತ್ತು ಆಟ ಆಡ್ತೀನಿ."

"ಕತ್ತಲಲ್ಲಿ ಎಂಥಾ ಆಟ? ಯಾರಿದಾರೆ ಜೊತೇಲಿ?"

"ಯಾರೂ ಇಲ್ಲ. ಒಬ್ಬಳೇ."

ಅವಳು ಯೋಚಿಸುತ್ತಿದ್ದಳೆಂದು ತೋರುತ್ತದೆ. ಚಿಲಕದಿಂದ ಕೈ ತೆಗೆದ ಸದ್ದಾಯಿತು. ಸರಿ, ದೂರ ಹೋಗಬೇಡ, ನಾನು ಇಲ್ಲೇ ಇರುತ್ತೇನೆ ಎಂದಳು. ಸ್ಟೂಲನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತದ್ದು ಕೇಳಿಸಿತು. ನಾನೂ ಮೆಟ್ಟಿಲ ಮೇಲೆ ಕೂತು ಬಾಗಿಲಿಗೆ ಬೆನ್ನು ಕೊಟ್ಟೆ. ಸ್ವಲ್ಪ ಹೊತ್ತಿಗೊಮ್ಮೆ ಅವಳು ಪುಟ್ಟೀ ಎಂದು ಕರೆಯುತ್ತಿದ್ದಳು, ನಾನು ಓ ಎನ್ನುತ್ತಿದ್ದೆ.